ಕಾರಾಪುರದ ಬಾಲಕ, ಲಂಡನ್ನಿನ ಕಾಡು

ಮಗು, ಕಾಡು, ಒಂದು ದೊಡ್ಡ ಪ್ರಾಣಿ – ಈ ಮೂರೂ ಕೂಡಿದ ಚಲನಚಿತ್ರವೊಂದು ಬಂದಿತೆಂದರೆ ಮನೆಮಂದಿಯೆಲ್ಲ ಹೋಗಿ ನೋಡಿ, ನಕ್ಕು, ಬೆರಗುಗೊಂಡು ಹಿಂದಿರುಗುವುದು ವಾಡಿಕೆ. ಅಂಥ ಚಿತ್ರವನ್ನು ಇತಿಹಾಸದ ಆಕರವೆಂದು ಯಾರೂ ಎಣಿಸುವುದಿಲ್ಲ. ಆದರೆ 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಎಂಬ ಇಂಗ್ಲಿಷ್ ಚಿತ್ರ ಮೈಸೂರು ಸೀಮೆಯವರಾದ ನಮ್ಮ ಮಟ್ಟಿಗೆ ಅಂಥದೊಂದು ಆಕರವೇ ಆಗಿದೆ.

ಚಿತ್ರದ ಕಥೆ ರಡ್ಯಾರ್ಡ್ ಕಿಪ್ಲಿಂಗನದು. 1894ರ ‘ಜಂಗಲ್ ಬುಕ್’ ಸಂಕಲನದಲ್ಲಿ ತೂಮಾಯಿ ಎಂಬ ಮಾವುತರ ಹುಡುಗನ ಕಥೆಯಿದೆ. ಕಾಳನಾಗನೆಂಬ ಆನೆಯ ಬೆನ್ನೇರಿ, ಮನುಷ್ಯರಾರೂ ಕಾಣದ ಆನೆಗಳ ಇರುಳ ನೃತ್ಯವನ್ನು ಕಂಡು ಬರುವವನು ಅವನು. ಕಥೆ ನಡೆಯುವುದು ದೂರದ ಗಾರೋ ಬೆಟ್ಟಗಳಲ್ಲಿ. ಆದರೂ ಅದರಲ್ಲಿ ಬರುವ, ಆನೆ ಹಿಡಿಸುವ ಬಿಳಿಯ ಅಧಿಕಾರಿಯನ್ನು ಕಂಡಾಗ ನಮಗೆ ಸ್ಯಾಂಡರ್ಸನ್ನನ ನೆನಪಾಗದಿರದು. 1870ರ ದಶಕದಲ್ಲಿ ಮೈಸೂರಿನಲ್ಲಿ ಖೆಡ್ಡಾ ಪದ್ಧತಿಗೆ ಅಡಿಪಾಯ ಹಾಕಿದವನು ಆತ.

ಈ ಕಥೆಯನ್ನು ಚಿತ್ರಿಸಲು 1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದನು. ಹಿಮನಾಡಿನ ಎಸ್ಕಿಮೋ ಜನರ ಬದುಕನ್ನು ‘ನಾನೂಕ್’ ಚಿತ್ರದಲ್ಲಿ ತೋರಿಸಿ ಹೆಸರಾದವನು ಅವನು. ನಟರನ್ನು ಕರೆತಂದು ಆಡಿಸುವುದಕ್ಕಿಂತ ಸ್ಥಳದ ಜನರನ್ನೇ ಅವರ ಕಸುಬಿನ ನಡುವೆ ನೋಡಬೇಕೆಂಬುದು ಅವನ ಹಂಬಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ; ಅರಮನೆಯ ನೆರವು ದೊರೆಯಿತು. ಚಿತ್ತರಂಜನ ಮಹಲು ಅವನ ಬೀಡಾಯಿತು. ಕಾಕನಕೋಟೆಯ ಕಾಡು, ಕಪಿಲೆಯ ದಡ, ಅರಮನೆಯ ಆನೆಗಳು ಎಲ್ಲವೂ ಸಿಕ್ಕವು. ಉಳಿದದ್ದು ಹುಡುಗನೊಬ್ಬನ ಹುಡುಕಾಟ.

ಆನೆಲಾಯದಲ್ಲಿ ಆ ಹುಡುಗ ಸಿಕ್ಕಿದನು. ಸಾಬು ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಆಗಿನ್ನೂ ಹನ್ನೊಂದರ ಹರೆಯ. ತಂದೆಯನ್ನು ಕಳೆದುಕೊಂಡು ಲಾಯದ ಆಶ್ರಯದಲ್ಲೇ ಬೆಳೆಯುತ್ತಿದ್ದ ಅನಾಥ ಬಾಲಕ. ಆನೆಯ ಕಿವಿಯ ಹಿಂದೆ ಕಾಲಿಟ್ಟು ಕೂರುವುದನ್ನು ಅವನಿಗೆ ಯಾವ ನಿರ್ದೇಶಕನೂ ಕಲಿಸಬೇಕಾಗಿರಲಿಲ್ಲ. ಕಾಳನಾಗನ ಪಾತ್ರ ವಹಿಸಿದ್ದು ಐರಾವತವೆಂಬ ಮೈಸೂರಿನ ಆನೆ.

ಫ್ಲಾಹರ್ಟಿ ತಿಂಗಳುಗಟ್ಟಲೆ ಚಿತ್ರಿಸಿದನು. ಆದರೆ ಹಣ ಹೂಡಿದ ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾನಿಗೆ ಬೇಕಾದುದು ಕಥೆ. ಅವನ ತಮ್ಮ ಜೋಲ್ಟಾನ್ ಕೋರ್ಡಾ ಡೆನ್‌ಹ್ಯಾಂ ಸ್ಟುಡಿಯೋದಲ್ಲಿ ಕೃತಕ ಕಾಡನ್ನು ಕಟ್ಟಿಸಿ, ಇಂಗ್ಲಿಷ್ ನಟರನ್ನು ಸೇರಿಸಿ ಉಳಿದ ಭಾಗವನ್ನು ಪೂರೈಸಿದನು. ಹುಡುಗನನ್ನೂ ಅವನ ಅಣ್ಣನನ್ನೂ ಹಡಗಿನಲ್ಲಿ ಅಲ್ಲಿಗೆ ಕರೆದೊಯ್ದರು. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಇಬ್ಬರಿಗೂ ಕೂಡಿಯೇ ಸಂದಿತು.

ಈ ಎರಡು ಕೈಗಳ ಕೆಲಸ ಚಿತ್ರದಲ್ಲಿ ಬೆರೆತುಹೋಗಿಲ್ಲ. ಎಣ್ಣೆ ನೀರುಗಳಂತೆ ಬೇರೆಯಾಗಿಯೇ ನಿಂತಿದೆ. ದೊರೆಗಳು ಮಾತನಾಡುವ ಬಿಡಾರದ ದೃಶ್ಯಗಳು ಇಂದು ಸಪ್ಪೆಯೆನಿಸುತ್ತವೆ. ಬಿಳಿಯನ ಮೆಚ್ಚುಗೆಯೇ ಹುಡುಗನ ಬಾಳಿಗೆ ಸಾರ್ಥಕ್ಯವೆಂಬ ಸಾಮ್ರಾಜ್ಯದ ದರ್ಪವೂ ಅಲ್ಲಿ ಇಣುಕುತ್ತದೆ. ಆದರೆ ಹುಡುಗ ಹೊಳೆಯಲ್ಲಿ ಆನೆಯ ಮೈ ತಿಕ್ಕುವಾಗ, ಅದರ ಸೊಂಡಿಲನ್ನು ಹಿಡಿದು ಗದರುವಾಗ, ಅಲ್ಲಿ ನಟನೆಯಿಲ್ಲ. ತಲೆಮಾರುಗಳಿಂದ ಬಂದ ಒಂದು ವಿದ್ಯೆ ಮಗುವಿನ ಕೈಯಲ್ಲಿ ಹೇಗಿತ್ತೆಂಬುದಕ್ಕೆ ಅದು ಸಾಕ್ಷ್ಯ. ಯಾವ ಗೆಜೆಟಿಯರೂ ಅದನ್ನು ಬರೆದಿಟ್ಟಿಲ್ಲ.

ಹಾಗೆಂದು ಈ ಸಾಕ್ಷ್ಯವನ್ನು ಕೇವಲ ಮಧುರವೆಂದು ಬಗೆಯಬಾರದು. ಖೆಡ್ಡಾ ಎಂದರೆ ಸ್ವಚ್ಛಂದವಾಗಿದ್ದ ಹಿಂಡನ್ನು ತಮಟೆ, ಬೆಂಕಿ, ಗದ್ದಲಗಳಿಂದ ನದಿಗಟ್ಟಿ, ದಿಮ್ಮಿಗಳ ದೊಡ್ಡಿಯಲ್ಲಿ ಕೂಡಿಹಾಕುವುದು. ತಾಯಿಯಿಂದ ಮರಿಯನ್ನು ಅಗಲಿಸುವುದು. ನಾವು ಸಾಹಸವೆಂದು ಕಂಡದ್ದು ಆನೆಯ ಪಾಲಿಗೆ ಸೆರೆ. ಹುಡುಗನಿಗೂ ಅಂಥದೇ ಒಂದು ಗತಿ ಒದಗಿತೆನ್ನಬಹುದೇನೋ. 1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ಮೌಗ್ಲಿಯಾಗಿ ಮೆರೆದ ಸಾಬು 1944ರಲ್ಲಿ ಅಮೆರಿಕದ ಪೌರನಾದನು. ಯುದ್ಧಕಾಲದಲ್ಲಿ ಅಲ್ಲಿನ ವಾಯುದಳದಲ್ಲಿ ಗನ್ನರ್ ಆಗಿ ಹೋರಾಡಿ ಶೌರ್ಯಪದಕ ಪಡೆದನು. ಆದರೂ ಚಿತ್ರರಂಗ ಅವನನ್ನು ಕಾಡಿನ ಹುಡುಗನ ವೇಷದಿಂದ ಪೂರ್ತಿಯಾಗಿ ಬಿಡುಗಡೆ ಮಾಡಲಿಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 39 ವರ್ಷ.

ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ಮುಗಿಯಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ಆ ಕಣಿವೆಯ ಬಹುಭಾಗವನ್ನು ಮುಳುಗಿಸಿತು. ಇಂದು ಬೇಸಗೆಯಲ್ಲಿ ನೀರು ಇಳಿದಾಗ ಆ ದಡದ ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ, ಅವನ್ನು ಅಟ್ಟುವವರಿಲ್ಲ.

ಸಾಬುವಿನ ಕಡೆಯ ಚಿತ್ರ ಅವನು ಸತ್ತ ಮೇಲೆ, 1964ರಲ್ಲಿ ತೆರೆಗೆ ಬಂತು. ಅದೂ ಮನೆಮಂದಿಯೆಲ್ಲ ನೋಡಬಹುದಾದ ಡಿಸ್ನಿ ಚಿತ್ರವೇ. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದನ್ನು ಕೊಲ್ಲದೆ ಉಳಿಸಬೇಕೆಂದು ಮಗುವೊಂದು ಹಟ ಹಿಡಿಯುವ ಕಥೆ. ಆ ಮಗುವಿನ ನೆರವಿಗೆ ನಿಲ್ಲುವ ಭಾರತೀಯನ ಪಾತ್ರ ಕಾರಾಪುರದ ಈ ಮಾವುತನ ಮಗನದು.