ಕಸೂತಿ: ನಿತ್ಯದ ಕೈಗೆಲಸದಲ್ಲಿ ಸೃಜನಬುದ್ಧಿ

ಕಸೂತಿಯು ಧಾರವಾಡ ಸೀಮೆಯಲ್ಲಿಯೂ ಅದರ ಸುತ್ತಣ ಉತ್ತರ ಕರ್ನಾಟಕದ ಪ್ರದೇಶಗಳಲ್ಲಿಯೂ ಹೆಣ್ಣುಮಕ್ಕಳು ಮನೆಗೆಲಸದ ಬಿಡುವಿನಲ್ಲಿ ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸ, ಕೂಸಿನ ಕುಲಾವಿಗಳ ಮೇಲೆ ಬಣ್ಣದ ನೂಲಿನಿಂದ ಹಾಕುತ್ತ ಬಂದಿರುವ ಸೂಜಿಗೆಲಸ. ಕೈ ಮತ್ತು ನೂಲು ಎಂಬ ಅರ್ಥದ ಪದಗಳು ಕೂಡಿ ಈ ಹೆಸರಾಯಿತೆಂಬ ವಿವರಣೆ ಪ್ರಚಲಿತವಾಗಿದ್ದರೂ ಅದನ್ನು ಎಚ್ಚರದಿಂದಲೇ ಸ್ವೀಕರಿಸತಕ್ಕದ್ದು. ಸೃಜನಶೀಲತೆಯನ್ನು ಕವಿ ಶಿಲ್ಪಿಗಳ ಸೊತ್ತೆಂದು ಭಾವಿಸುವವರಿಗೆ, ಅದು ದಿನಗೆಲಸದ ನಡುವೆಯೇ ಹೇಗೆ ಬೆಳೆಯುವುದೆಂಬುದನ್ನು ತೋರಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕನ್ನಡನಾಡಿನಲ್ಲಿ ವಿರಳ.

ಹೊಲಿಗೆಗಳು

ಗಾವಂತಿ, ಮುರಗಿ, ನೇಗಿ, ಮೆಂತೆ ಎಂದು ಹೊಲಿಗೆಗಳು 4. ನೇಗಿಯು ನೇಯ್ಗೆಯಂತೆ ಕಾಣುವ ಉದ್ದುದ್ದ ಎಳೆಗಳ ಕೆಲಸ. ಮೆಂತೆಯು ಮೆಂತೆಕಾಳನ್ನು ನೆನಪಿಗೆ ತರುವ ಅಡ್ಡಹೊಲಿಗೆ. ಗಾವಂತಿಯೂ, ಮೆಟ್ಟಿಲುಮೆಟ್ಟಿಲಾಗಿ ಸಾಗುವ ಮುರಗಿಯೂ ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ರೂಪವನ್ನು ತೋರುವುವು. ಕಸೂತಿಯ ಹೆಚ್ಚಳವಿರುವುದು ಇಲ್ಲಿಯೇ.

ಗಾವಂತಿಯ ಮಾರ್ಗ

ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ನೂಲಿಗೆ ಗಂಟು ಹಾಕುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿಯೂರಬೇಕು. ಸೂಜಿಯು ಹೋಗುವಾಗ ಒಂದು ಹೊಲಿಗೆಯನ್ನು ಮೇಲ್ಮಗ್ಗುಲಲ್ಲಿ, ಮರುಹೊಲಿಗೆಯನ್ನು ಕೆಳಮಗ್ಗುಲಲ್ಲಿ ಇಡುತ್ತ ಸಾಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಎಡೆಗಳನ್ನೆಲ್ಲ ತುಂಬುತ್ತದೆ. ನೇರಗೆರೆಯಲ್ಲಿ ಇದು ಸುಲಭ. ಆದರೆ ತುಳಸೀಕಟ್ಟೆಯ ಬುಡದಿಂದ ಹೊರಟು ಕಾಂಡವನ್ನೇರುವ ಸೂಜಿಗೆ ನಡುವೆ ರೆಂಬೆಯೊಂದು ಎದುರಾದಾಗ ಏನು ಮಾಡಬೇಕು? ಬಲ್ಲವಳು ಕಾಂಡವನ್ನು ಅಲ್ಲಿಗೇ ನಿಲ್ಲಿಸಿ, ರೆಂಬೆಯ ತುದಿಯವರೆಗೂ ಹೋಗಿ ಅದೇ ದಾರಿಯಲ್ಲಿ ಮರಳಿ, ಅನಂತರವೇ ಮುಂದುವರಿಯುತ್ತಾಳೆ. ರೆಂಬೆ 3 ಹೊಲಿಗೆಯದಾದರೆ ಹೋಗಿಬರುವ ಲೆಕ್ಕ 6, 4 ಹೊಲಿಗೆಯದಾದರೆ 8. ಹೇಗಾದರೂ ಸಮಸಂಖ್ಯೆಯೇ ಆಗುವುದರಿಂದ, ಕಾಂಡಕ್ಕೆ ಮರಳಿದ ಸೂಜಿಯ ಮೇಲುಕೆಳಗಿನ ಸರದಿ ಕೆಡುವುದೇ ಇಲ್ಲ. ರೆಂಬೆಗೆ ಟಿಸಿಲೊಡೆದರೂ, ಟಿಸಿಲಿಗೆ ಎಲೆ ಮೂಡಿದರೂ ಇದೇ ನ್ಯಾಯ. ಗೆರೆಯು ಸುತ್ತಿಬಂದು ತಾನೇ ತನ್ನನ್ನು ಕೂಡುವಲ್ಲಿ ಕೂಡಿಸುವ ಕೊನೆಯ ಹೊಲಿಗೆಯನ್ನೇ ಒಂದು ಪುಟ್ಟ ರೆಂಬೆಯೆಂದು ಎಣಿಸಿ, ಒಂದು ಮಗ್ಗುಲಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿದರಾಯಿತು. ಆದುದರಿಂದ ಬಿಡಿಬಿಡಿಯಾಗದೆ ಕೂಡಿಕೊಂಡಿರುವ ಯಾವ ಆಕೃತಿಯನ್ನಾದರೂ ಒಂದೇ ಪಯಣದಲ್ಲಿ, ಎರಡೂ ಮಗ್ಗುಲಲ್ಲಿ ಸಮನಾಗಿ ಮುಗಿಸಲು ಸಾಧ್ಯವೆಂಬುದು ಗಣಿತದಿಂದ ಸಿದ್ಧವಾಗುವ ಮಾತು. ಅದನ್ನು ಅಕ್ಷರವರಿಯದ ಅಜ್ಜಿಯರು ಬೆರಳಿನಿಂದಲೇ ಸಿದ್ಧಪಡಿಸಿದ್ದರೆಂಬುದು ಅತ್ಯಂತ ಗೌರವಕ್ಕೆ ಪಾತ್ರವಾದ ಸಂಗತಿ.

ಯಾವ ರೆಂಬೆಯನ್ನು ಮೊದಲು ಹಿಡಿಯಬೇಕು, ಯಾವುದನ್ನು ಮರುಪಯಣಕ್ಕೆ ಉಳಿಸಬೇಕು ಎಂಬುದನ್ನು ಮಾತ್ರ ಯಾವ ನಿಯಮವೂ ಹೇಳದು. ಎಳೆಗಳ ಎಣಿಕೆ ವಕ್ರರೇಖೆಯನ್ನು ಒಪ್ಪದಿರುವುದರಿಂದ ನವಿಲಿನ ಕೊರಳೂ ಆನೆಯ ಸೊಂಡಿಲೂ ಮೆಟ್ಟಿಲಾಗಿಯೋ ಓರೆಗೆರೆಯಾಗಿಯೋ ಮಾರ್ಪಡಬೇಕು. ಹಾಗೆ ಮಾರ್ಪಡುವಾಗ ಎಷ್ಟನ್ನು ಬಿಟ್ಟರೂ ನವಿಲು ನವಿಲಾಗಿಯೇ ಉಳಿದೀತೆಂಬ ನಿರ್ಣಯ ಹಾಕುವವಳದೇ. ಪ್ರತಿ ಹೊಲಿಗೆಯಲ್ಲಿಯೂ ಮಾಡಬೇಕಾದ ಇಂತಹ ಸಣ್ಣ ನಿರ್ಣಯಗಳೇ ಸೃಜನಬುದ್ಧಿಯ ಅಭ್ಯಾಸವೆಂದು ಈ ಲೇಖಕನ ಮತ. ಗೋಪುರ, ತೇರು, ಪಲ್ಲಕ್ಕಿ, ತೊಟ್ಟಿಲು, ನಂದಿ ಮೊದಲಾದ ಚಿತ್ರಗಳು ಸರ್ವರಿಗೂ ಸಮಾನವಾಗಿದ್ದರೂ ಒಬ್ಬಳ ತೇರು ಮತ್ತೊಬ್ಬಳದಂತೆ ಇರದಿರುವುದಕ್ಕೆ ಇದೇ ಕಾರಣ.

ಇತಿಹಾಸ

ಚಾಲುಕ್ಯರ ಕಾಲಕ್ಕೆ ಇದರ ಮೂಲವನ್ನು ಒಯ್ಯುವ ವಾಡಿಕೆಯುಂಟು. ಆದರೆ ಉಟ್ಟು ಸವೆಯುವ ಬಟ್ಟೆ ಶಾಸನದಂತೆ ಉಳಿಯುವುದಲ್ಲ. ಪರಂಪರೆಯ ಕಸೂತಿಯಲ್ಲಿ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲಣ ಕೆಲಸ ಹೆಸರಾದುದು. ಯುರೋಪಿನಲ್ಲಿಯೂ ಇಂತಹುದೇ ಇಮ್ಮಗ್ಗುಲ ಹೊಲಿಗೆಯಿದ್ದು, ತನ್ನ ಭಾವಚಿತ್ರಗಳಲ್ಲಿ ಅದನ್ನು ನಿಚ್ಚಳವಾಗಿ ಬರೆದ ಹಾನ್ಸ್ ಹೋಲ್ಬೈನ್ (1497–1543) ಎಂಬ ಚಿತ್ರಕಾರನ ಹೆಸರು ಅದಕ್ಕೆ ಅಂಟಿಕೊಂಡಿದೆ.

ಇಂದಿನ ರೂಢಿ

ಕಸೂತಿಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ನುಣುಪಾದ ರೇಷ್ಮೆಯಲ್ಲಿ ಎಳೆಗಳನ್ನು ಎಣಿಸುವುದು ಕಷ್ಟವಾದ್ದರಿಂದ ಅದರ ಮೇಲೆ ಜಾಳಾದ ಬಟ್ಟೆಯೊಂದನ್ನು ಹೊಲಿದುಕೊಂಡು ಅದರ ಕಣ್ಣುಗಳನ್ನು ಎಣಿಸಿ ಕಸೂತಿ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಆ ಜಾಳುಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ, ರೇಷ್ಮೆಯ ಮೇಲೆ ತೇರು ಮಾತ್ರ ಉಳಿಯುತ್ತದೆ.