ಕಿವಿಯಲ್ಲಿ ಕಚ್ಚು ಇರುವ ಗಂಡುನಾಯಿ

ಬೆಂಗಳೂರಿನ ದಂಡು (ಕಂಟೋನ್ಮೆಂಟ್) 1949ರಲ್ಲಿ ನಗರದೊಡನೆ ಒಂದಾದ ಮೇಲೂ ಬೀದಿನಾಯಿಗಳಿಗೆ ಪಾಲಿಕೆ ಕಂಡುಕೊಂಡಿದ್ದ ಉಪಾಯ ಹಿಡಿದು ಕೊಲ್ಲುವುದೇ. 2001ರ ಕೇಂದ್ರ ನಿಯಮಗಳು ದಾರಿ ಬದಲಿಸಿದವು: ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ, ಹಿಡಿದ ಜಾಗಕ್ಕೇ ವಾಪಸು.

ಹಲಸೂರಿನ ನಮ್ಮ ಬೀದಿಯ ನಾಯಿ ಕರಿಯನೂ ಈ ಶಸ್ತ್ರಚಿಕಿತ್ಸೆಯ ಗುರುತಾಗಿ ಕಿವಿಗೆ ಕಚ್ಚು ಹಾಕಿಸಿಕೊಂಡು ಬಂದ. ಬೀಜ ತೆಗೆದೊಡನೆ ಟೆಸ್ಟೋಸ್ಟೆರಾನ್ ಇಳಿದರೂ ರೂಢಿ ಬಿಡಲು ವಾರಗಳೇ ಬೇಕು. ಆಮೇಲೆ ಹೆಣ್ಣುನಾಯಿಯ ಬೆನ್ನುಹತ್ತಿ ಸೋಮೇಶ್ವರ ಗುಡಿಯಾಚೆ ಅಲೆಯುವುದು ನಿಂತಿತು. ಕಂಬಕಂಬಕ್ಕೂ ಕಾಲೆತ್ತುವುದು ಕಡಿಮೆಯಾಯಿತು. ಬೈಕುಗಳನ್ನು ಅಟ್ಟಿಸಿಕೊಂಡು ಹೋಗುವುದು ಮಾತ್ರ ಹಾಗೇ ಉಳಿಯಿತು. ಭಯದಿಂದ ಹುಟ್ಟಿದ ಸಿಟ್ಟಿಗೆ ಈ ಶಸ್ತ್ರಚಿಕಿತ್ಸೆ ಮದ್ದಲ್ಲ. ಕೆಲವು ಅಂಜುಬುರುಕ ನಾಯಿಗಳಲ್ಲಿ ಆ ಸಿಟ್ಟು ಹೆಚ್ಚುವುದೂ ಉಂಟು.

ಕಿವಿಯಲ್ಲಿ ಕಚ್ಚು ಇರುವ ನಾಯಿಯನ್ನು ದಯವಿಟ್ಟು ಬೇರೆ ಬಡಾವಣೆಗೆ ಸಾಗಿಸಬೇಡಿ. ವರ್ಷವರ್ಷದ ರೇಬಿಸ್ ಲಸಿಕೆ ತಪ್ಪದಂತೆ ನೋಡಿಕೊಳ್ಳಿ.