ಬಟ್ಟಲು ತುಂಬುವವನ ಹೊಣೆ: ಜಿನ್ ಕಾಲದ ಇಂಗ್ಲೆಂಡ್ ಮತ್ತು ಜಾನ್ ವೆಸ್ಲಿ

1743ರ ಮಾರ್ಚ್ 12ರಂದು ಜಾನ್ ವೆಸ್ಲಿಯವರು ಇಂಗ್ಲೆಂಡಿನ ಉತ್ತರಭಾಗದ ನ್ಯೂಕ್ಯಾಸಲ್ ನಗರದಲ್ಲಿದ್ದರು. ಅಲ್ಲಿನ ಮೆಥಡಿಸ್ಟ್ ಸಂಘದ ಸದಸ್ಯರ ಸಂದರ್ಶನವನ್ನು ಮುಗಿಸಿದ ಅವರು, ಸಂಘದಿಂದ ಹೊರಹಾಕಲ್ಪಟ್ಟ 64 ಮಂದಿಯ ಲೆಕ್ಕವನ್ನು ಕಾರಣಸಹಿತವಾಗಿ ತಮ್ಮ ದಿನಚರಿಯಲ್ಲಿ ಬರೆದಿಟ್ಟರು. ಶಾಪ ಹಾಕಿ ಆಣೆಯಿಟ್ಟವರು ಇಬ್ಬರು, ಸಬ್ಬತ್ತನ್ನು ಮೀರಿದವರು ಇಬ್ಬರು, ಹೆಂಡತಿಯನ್ನು ಹೊಡೆದವನು ಒಬ್ಬ, ಸೋಮಾರಿ ಒಬ್ಬ, ಲಘುವರ್ತನೆಯ ಅಜಾಗರೂಕರು 29 ಮಂದಿ. ಕುಡುಕತನಕ್ಕಾಗಿ ಹೊರಬಿದ್ದವರು 17. ಈ ಸಾಲಿನ ಬೆನ್ನಿಗೇ ಇನ್ನೊಂದು ಚಿಕ್ಕ ನಮೂದು ಇದೆ: ಭಟ್ಟಿ ಇಳಿಸಿದ ಮದ್ಯವನ್ನು ಚಿಲ್ಲರೆಯಾಗಿ ಮಾರಿದ್ದಕ್ಕಾಗಿ ಇಬ್ಬರು.

ಕ್ರೈಸ್ತಸಭೆಯ ಚರಿತ್ರೆಯಲ್ಲಿ ಕುಡಿದವನನ್ನು ಶಿಸ್ತಿಗೆ ಒಳಪಡಿಸಿದ ದಾಖಲೆಗಳಿಗೆ ಕೊರತೆಯಿಲ್ಲ. ಕುಡಿಸಿದವನನ್ನು ಅದೇ ಪಟ್ಟಿಯಲ್ಲಿ, ಅದೇ ಕೈಬರಹದಲ್ಲಿ ನಿಲ್ಲಿಸಿದ ದಾಖಲೆಗಳು ವಿರಳ. ಆ ಇಬ್ಬರ ಹೆಸರನ್ನು ವೆಸ್ಲಿಯವರು ಬರೆದಿಲ್ಲ. ಆದರೆ ಅವರನ್ನು ಅಲ್ಲಿ ನಿಲ್ಲಿಸಿದ ವಿಚಾರ ಎಲ್ಲಿಂದ ಬಂತು, ಮುಂದೆ ಅದು ಏಕೆ ಹಿನ್ನೆಲೆಗೆ ಸರಿಯಿತು ಎಂಬ ಪ್ರಶ್ನೆಗಳು ನಮ್ಮ ಸಭೆಗಳಿಗೂ ಸಂಬಂಧಿಸಿದವು.

ಇಂಗ್ಲೆಂಡಿನಲ್ಲಿ ಜಿನ್ ಹರಡಿದ್ದು ಜನರ ದುಶ್ಚಟದಿಂದ ಮಾತ್ರವಲ್ಲ, ರಾಜ್ಯದ ನೀತಿಯಿಂದ. ಮೂರನೆಯ ವಿಲಿಯಮ್ ದೊರೆ ಫ್ರಾನ್ಸಿನೊಡನೆ ಯುದ್ಧದಲ್ಲಿದ್ದಾಗ ಅಲ್ಲಿನ ಬ್ರಾಂಡಿಯನ್ನು ನಿಷೇಧಿಸಲಾಯಿತು. 1690ರ ಕಾಯಿದೆಯೊಂದು ಸ್ವದೇಶದ ಧಾನ್ಯದಿಂದ ಮದ್ಯ ಭಟ್ಟಿ ಇಳಿಸುವುದನ್ನು ಪ್ರೋತ್ಸಾಹಿಸಿತು. ಭೂಮಾಲಿಕರ ಹೆಚ್ಚುವರಿ ಧಾನ್ಯಕ್ಕೆ ಮಾರುಕಟ್ಟೆ ದೊರೆಯಿತು, ಬೊಕ್ಕಸಕ್ಕೆ ಸುಂಕ ಬಂತು. 1726ರಲ್ಲಿ ಮಿಡ್ಲ್‌ಸೆಕ್ಸ್ ಪ್ರಾಂತದ ನ್ಯಾಯಾಧಿಕಾರಿಗಳು ಲಂಡನ್ನಿನ ತಮ್ಮ ವ್ಯಾಪ್ತಿಯ ಭಾಗಗಳಲ್ಲಿ ಎಣಿಕೆ ಮಾಡಿದಾಗ ಜಿನ್ ಮಾರುವ 6,187 ಮನೆ ಅಂಗಡಿಗಳು ಸಿಕ್ಕವು. ಅವೆಲ್ಲವೂ ಹೆಂಡದಂಗಡಿಗಳಲ್ಲ ಎಂಬುದೇ ಆ ವರದಿಯಲ್ಲಿ ಗಮನಿಸಬೇಕಾದ ಅಂಶ. ನೇಕಾರರು, ಚಮ್ಮಾರರು, ಕ್ಷೌರಿಕರು, ಬಡಗಿಗಳು, ಹೊಗೆಸೊಪ್ಪಿನ ವ್ಯಾಪಾರಿಗಳು ತಮ್ಮ ಕಸುಬಿನ ಜೊತೆಗೇ ಜಿನ್ ಮಾರುತ್ತಿದ್ದರು. ಯಜಮಾನನು ಆಳಿಗೆ ಜಿನ್ ಕೊಟ್ಟು ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿಯೂ ಇತ್ತು. ಬಡಿಸುವವನೂ ಧಣಿಯೂ ಒಬ್ಬನೇ ಆಗಿರುವಲ್ಲಿ ಕುಡಿಯುವವನ ಸ್ವಾತಂತ್ರ್ಯವೆಂಬ ಮಾತಿಗೆ ಎಷ್ಟು ಬೆಲೆ?

ಇದೇ 1726ರಲ್ಲಿ ಲಂಡನ್ನಿನ ವೈದ್ಯರ ಮಹಾವಿದ್ಯಾಲಯವು ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿ, ಭಟ್ಟಿ ಮದ್ಯದ ಅತಿಬಳಕೆಯಿಂದ ದುರ್ಬಲರೂ ರೋಗಿಷ್ಠರೂ ಆದ ಮಕ್ಕಳು ಹುಟ್ಟುತ್ತಿದ್ದಾರೆಂದು ಎಚ್ಚರಿಸಿತು. 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರು ಗರ್ಭಸ್ಥ ಶಿಶುವಿನ ಮೇಲೆ ಮದ್ಯವು ಉಂಟುಮಾಡುವ ವಿಕಾರಗಳ ಸಮೂಹಕ್ಕೆ ವೈದ್ಯಕೀಯ ಹೆಸರು ಕೊಡುವ ಹೊತ್ತಿಗೆ ಆ ಎಚ್ಚರಿಕೆಗೆ ಸುಮಾರು 250 ವರ್ಷಗಳಾಗಿದ್ದವು. ಮದ್ಯವು ತಾಯಿಯ ರಕ್ತದಿಂದ ಶಿಶುವಿನ ರಕ್ತಕ್ಕೆ ತಡೆಯಿಲ್ಲದೆ ದಾಟುತ್ತದೆ. ಅದನ್ನು ಕರಗಿಸಬಲ್ಲ ಯಕೃತ್ತು ಶಿಶುವಿನಲ್ಲಿ ಇನ್ನೂ ಬಲಿತಿರುವುದಿಲ್ಲ.

ವೈದ್ಯರ ಜೊತೆ ಸಭಾಪಾಲಕರೊಬ್ಬರೂ ಈ ಕಾರ್ಯದಲ್ಲಿ ತೊಡಗಿದ್ದರು. ಟೆಡಿಂಗ್ಟನ್ ಊರಿನ ಪಾಲಕರಾದ ಸ್ಟೀಫನ್ ಹೇಲ್ಸ್ ಅವರು ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ರಕ್ತದ ಒತ್ತಡವನ್ನು ಅಳೆದ ವಿಜ್ಞಾನಿ. ಭಟ್ಟಿ ಮದ್ಯ ಕುಡಿಯುವವರಿಗೆ ಸ್ನೇಹಪೂರ್ವಕ ಎಚ್ಚರಿಕೆಯಾಗಿ ಅವರು ಒಂದು ಕಿರುಪುಸ್ತಕವನ್ನೂ ಬರೆದರು. ಮದ್ಯವು ರಕ್ತವನ್ನು ಗಟ್ಟಿಮಾಡಿ ನಾಳಗಳನ್ನು ಕುಗ್ಗಿಸುತ್ತದೆಂಬ ಅವರ ವಿವರಣೆ ಇಂದಿನ ಶರೀರವಿಜ್ಞಾನಕ್ಕೆ ಒಪ್ಪುವಂಥದ್ದಲ್ಲ. ಆದರೆ ನೀತಿಯ ಪ್ರಶ್ನೆಯನ್ನು ಶರೀರದ ಒಳಗೆ ಇಳಿದು ನೋಡಬೇಕೆಂಬ ಅವರ ನಿಲುವು ಸರಿಯಾಗಿತ್ತು. ಆ ದಾರಿಯಲ್ಲಿ ನಾವೂ ಸ್ವಲ್ಪ ಮುಂದೆ ಹೋಗೋಣ.

ಕುಡಿದ ಮದ್ಯದ ಸ್ವಲ್ಪ ಭಾಗ ಜಠರದಿಂದಲೂ ಹೆಚ್ಚಿನದು ಸಣ್ಣ ಕರುಳಿನಿಂದಲೂ ರಕ್ತವನ್ನು ಸೇರುತ್ತದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ನಿಧಾನವಾಗಿ, ಬರಿದಾಗಿದ್ದರೆ ಬೇಗನೆ. ಯಕೃತ್ತು ಅದನ್ನು ಮೊದಲು ಅಸೆಟಾಲ್ಡಿಹೈಡ್ ಎಂಬ ವಿಷವಾಗಿಯೂ ಅನಂತರ ನಿರುಪದ್ರವಿಯಾದ ಅಸಿಟೇಟ್ ಆಗಿಯೂ ಮಾರ್ಪಡಿಸುತ್ತದೆ. ಈ ಕೆಲಸಕ್ಕೆ ಒಂದು ಮಿತಿಯಿದೆ: ಸಾಮಾನ್ಯವಾಗಿ ಗಂಟೆಗೆ 7ರಿಂದ 10 ಗ್ರಾಂ. ನಮ್ಮಲ್ಲಿ 30 ಮಿಲಿಲೀಟರಿನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಒಂದರ ಮೇಲೊಂದು ಸುರಿದರೆ ಉಳಿದದ್ದು ರಕ್ತದಲ್ಲಿ ಸುತ್ತುತ್ತಲೇ ಇರುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಯಕೃತ್ತಿನ ವೇಗವನ್ನು ಹೆಚ್ಚಿಸಲಾರದು. ಮೆದುಳಿನಲ್ಲಿ ಅದು ಬೇಗನೆ ಮಂಕಾಗಿಸುವುದು ವಿವೇಚನೆಯನ್ನು ಮತ್ತು ಸ್ವನಿಯಂತ್ರಣವನ್ನು. ತೊದಲು, ತೂರಾಟ, ನಿದ್ದೆ ಅನಂತರ ಬರುತ್ತವೆ. ಪ್ರಮಾಣ ಮಿತಿಮೀರಿದರೆ ಉಸಿರಾಟವೇ ನಿಲ್ಲುತ್ತದೆ.

ದೈವಶಾಸ್ತ್ರದ ವಿದ್ಯಾರ್ಥಿಯು ನಿಂತು ನೋಡಬೇಕಾದ ಸ್ಥಳ ಇದೇ. ಸಾಕು ಎಂದು ಹೇಳಬೇಕಾದ ಶಕ್ತಿಯು, ಸಾಕು ಎಂದು ಹೇಳಬೇಕಾದ ಗಳಿಗೆಗೆ ಮುಂಚೆಯೇ ಕುಂದಿರುತ್ತದೆ. ಮೊದಲನೆಯ ಬಟ್ಟಲಿನ ಮುಂದೆ ಇದ್ದ ಮನುಷ್ಯನು ಐದನೆಯ ಬಟ್ಟಲಿನ ಮುಂದೆ ಇಲ್ಲ. ಆ ಹೊತ್ತಿನಲ್ಲಿ ಮೇಜಿನ ಬಳಿ ಉಳಿದಿರುವ ಕೆಡದ ವಿವೇಚನೆಯು ಬಡಿಸುವವನದು ಮಾತ್ರ. ಕಾನಾ ಊರಿನ ಔತಣದ ಮೇಲ್ವಿಚಾರಕನು ಮದಲಿಂಗನಿಗೆ ಆಡಿದ ಮಾತನ್ನು ನಾವು ಸೂಚಕಕಾರ್ಯದ ಸಾಕ್ಷ್ಯವಾಗಿ ಓದುತ್ತೇವೆ, ಸರಿಯೇ. ಆದರೆ ಅದರೊಳಗೆ ಲೋಕಾನುಭವವೂ ಇದೆ: ಅತಿಥಿಗಳ ನಾಲಗೆ ಮಂಕಾದ ಮೇಲೆ ಕೀಳು ರಸವನ್ನು ಬಡಿಸುವ ವಾಡಿಕೆ ಅವನಿಗೆ ಗೊತ್ತಿತ್ತು. ಬಡಿಸುವವರಿಗೆ ಇದು ಎಂದೂ ತಿಳಿದ ವಿಷಯವೇ.

ಶಾಸನಕರ್ತರಿಗೆ ಇದನ್ನು ಅರಿಯಲು ಕಾಲ ಹಿಡಿಯಿತು. 1736ರ ಜಿನ್ ಕಾಯಿದೆಯು ಚಿಲ್ಲರೆ ಮಾರಾಟಕ್ಕೆ ವರ್ಷಕ್ಕೆ 50 ಪೌಂಡುಗಳ ಪರವಾನಗಿಯನ್ನೂ ಗ್ಯಾಲನ್ನಿಗೆ 20 ಷಿಲಿಂಗ್ ಸುಂಕವನ್ನೂ ವಿಧಿಸಿತು. ಪರವಾನಗಿ ಪಡೆದವರು ಕೆಲವೇ ಕೆಲವರು. ಮಾರಾಟ ಮಾತ್ರ ನಿಲ್ಲಲಿಲ್ಲ. ಸುಳಿವು ಕೊಟ್ಟವರಿಗೆ 5 ಪೌಂಡು ಬಹುಮಾನವಿದ್ದುದರಿಂದ ಬೇಹುಗಾರರು ಹುಟ್ಟಿಕೊಂಡರು, ಅವರನ್ನು ಜನರು ಬೀದಿಯಲ್ಲಿ ಅಟ್ಟಿಸಿಕೊಂಡು ಹೊಡೆದರು. ಕೈಗಾಡಿಯಲ್ಲೋ ಬುಟ್ಟಿಯಲ್ಲೋ ಇಟ್ಟು ಮಾರುತ್ತಿದ್ದ ಬಡ ಹೆಂಗಸರು ಹೆಚ್ಚಾಗಿ ಸಿಕ್ಕಿಬಿದ್ದರು. ಭಟ್ಟಿಯ ಒಡೆಯರು ಸುರಕ್ಷಿತವಾಗಿದ್ದರು. 1743ರಲ್ಲಿ ಈ ಕಾಯಿದೆಯನ್ನು ಕೈಬಿಡಲಾಯಿತು. 1751ರ ಕಾಯಿದೆ ಬೇರೆ ಬಗೆಯದು. ಭಟ್ಟಿಯವರು ಚಿಲ್ಲರೆಯಾಗಿ ಮಾರುವಂತಿಲ್ಲ, ವರ್ಷಕ್ಕೆ 10 ಪೌಂಡು ಬಾಡಿಗೆಯ ಮನೆಯುಳ್ಳವರಿಗಷ್ಟೇ ಪರವಾನಗಿ ಎಂದು ಅದು ಗೊತ್ತುಮಾಡಿತು. ಅದರಲ್ಲಿ ನನಗೆ ಅತ್ಯಂತ ಅರ್ಥಪೂರ್ಣವೆನಿಸುವ ವಿಧಿ ಸಾಲದ ಕುರಿತಾದುದು. ಒಂದೇ ಬಾರಿಗೆ 20 ಷಿಲಿಂಗಿಗಿಂತ ಕಡಿಮೆ ಬೆಲೆಯ ಮದ್ಯವನ್ನು ಸಾಲವಾಗಿ ಕೊಟ್ಟವನು ಆ ಹಣವನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವಂತಿರಲಿಲ್ಲ. ಕುಡಿದವನನ್ನು ಮುಟ್ಟದೆ, ಅವನ ಲೆಕ್ಕವನ್ನು ಬರೆದಿಟ್ಟುಕೊಂಡು ಸುರಿಯುತ್ತಲೇ ಇದ್ದವನ ಕೈಯನ್ನು ಕಾನೂನು ಹಿಡಿಯಿತು. ಅದೇ ವರ್ಷ ಪ್ರಕಟವಾದ ಹೊಗಾರ್ತನ ಜಿನ್ ಬೀದಿಯ ಚಿತ್ರದಲ್ಲಿ ಮಗುವನ್ನು ಕೈಜಾರಿಸುವ ತಾಯಿಯನ್ನು ಎಲ್ಲರೂ ನೋಡುತ್ತಾರೆ. ಆ ಬೀದಿಯಲ್ಲಿ ಏಳಿಗೆ ಹೊಂದಿರುವವರು ಗಿರವಿಯವನು, ಭಟ್ಟಿಯವನು ಮತ್ತು ಶವಪೆಟ್ಟಿಗೆಯವನು ಮಾತ್ರ ಎಂಬುದನ್ನೂ ನೋಡಬೇಕು. 1751ರ ನಂತರ ಜಿನ್ ಬಳಕೆ ಇಳಿಯಿತು. 1757ರಿಂದ ಬೆಳೆ ಕೆಟ್ಟು ಧಾನ್ಯದ ಭಟ್ಟಿಯನ್ನೇ ನಿಲ್ಲಿಸಿದ್ದೂ ಅದಕ್ಕೆ ನೆರವಾಯಿತು.

ವೆಸ್ಲಿಯವರ ನಿಲುವು ಕಾಯಿದೆಗಿಂತ ಮೊದಲಿನದು. ನ್ಯೂಕ್ಯಾಸಲ್ ಘಟನೆ ನಡೆದ 1743ರಲ್ಲೇ ಹೊರಬಂದ ಸಂಘಗಳ ಸಾಮಾನ್ಯ ನಿಯಮಗಳಲ್ಲಿ ಕುಡುಕತನದ ಜೊತೆಗೇ ಭಟ್ಟಿ ಮದ್ಯವನ್ನು ಕೊಳ್ಳುವುದು, ಮಾರುವುದು, ಅತ್ಯಗತ್ಯವಲ್ಲದೆ ಕುಡಿಯುವುದು ನಿಷಿದ್ಧವೆಂದು ಸೇರಿತು. ಗಮನಿಸಿ: ನಿಷೇಧ ಭಟ್ಟಿ ಇಳಿಸಿದ್ದಕ್ಕೆ. ಬಿಯರನ್ನಾಗಲಿ ದ್ರಾಕ್ಷಾರಸವನ್ನಾಗಲಿ ಅವರು ನಿಷೇಧಿಸಲಿಲ್ಲ. ದ್ರಾಕ್ಷಾರಸದ ಚೈತನ್ಯಕಾರಕ ಗುಣವನ್ನು ಹೊಗಳಿದ್ದೂ ಉಂಟು. ಅವರನ್ನು ಸಂಪೂರ್ಣ ಪಾನವರ್ಜನೆಯ ಮೂಲಪುರುಷನೆಂದು ನಮ್ಮ ಉಪದೇಶಪೀಠಗಳಿಂದ ಹೇಳುವುದು ಚರಿತ್ರೆಗೆ ಸಲ್ಲದು.

ಆ ನಿಯಮದ ಹಿಂದಿನ ದೈವಶಾಸ್ತ್ರವು 1760ರಲ್ಲಿ ಪ್ರಕಟವಾದ, ಹಣದ ಬಳಕೆಯನ್ನು ಕುರಿತ ಪ್ರಸಂಗದಲ್ಲಿ ಬಿಚ್ಚಿಕೊಳ್ಳುತ್ತದೆ. ಮದ್ಯದ ಕುರಿತ ಅವರ ಅತ್ಯಂತ ತೀಕ್ಷ್ಣವಾದ ಮಾತು ಪಾನದ ಮೇಲಿನ ಪ್ರಸಂಗದಲ್ಲಿಲ್ಲ, ಹಣದ ಮೇಲಿನ ಪ್ರಸಂಗದಲ್ಲಿದೆ. ನೆರೆಯವನ ದೇಹಕ್ಕೆ ಕೇಡುಮಾಡಿ ಗಳಿಸುವುದು ಗಳಿಕೆಯಲ್ಲ ಎಂಬ ತತ್ವದಿಂದ ಹೊರಟು, ವೈದ್ಯಕೀಯ ಉಪಯೋಗವನ್ನು ಒಪ್ಪಿಕೊಂಡು, ಬಂದವರಿಗೆಲ್ಲ ವಿವೇಚನೆಯಿಲ್ಲದೆ ಮಾರುವವರನ್ನು ಅವರು ಜನತೆಗೆ ವಿಷವಿಕ್ಕುವವರ ಸಾಲಿಗೆ ಸೇರಿಸುತ್ತಾರೆ. ಆ ಗಳಿಕೆಯಿಂದ ಎದ್ದ ಬಂಗಲೆ ತೋಟಗಳ ಮೇಲೆಲ್ಲ ರಕ್ತದ ಕಲೆಯನ್ನು ಕಾಣುತ್ತಾರೆ. ಇಲ್ಲಿ ಅವರ ದೃಷ್ಟಿ ಬುಟ್ಟಿ ಹೊತ್ತ ವಿಧವೆಯ ಮೇಲಲ್ಲ, ಬಂಗಲೆಯ ಒಡೆಯನ ಮೇಲಿದೆ. 1736ರ ಕಾಯಿದೆಯು ಮಾಡಿದ ತಪ್ಪನ್ನು ಅವರು ಮಾಡಲಿಲ್ಲ. 1773ರಲ್ಲಿ ಆಹಾರದ ಅಭಾವವನ್ನು ಕುರಿತು ಬರೆದಾಗ ಇನ್ನೂ ಮೇಲಕ್ಕೆ ಹೋಗಿ, ಭಟ್ಟಿಗಳು ಬಡವರ ಧಾನ್ಯವನ್ನು ನುಂಗುತ್ತಿವೆಯೆಂದೂ ಅರಸನಿಗೆ ಬರುವ ಸುಂಕವು ಪ್ರಜೆಗಳ ಪ್ರಾಣಕ್ಕೆ ಸಮನಾಗಲಾರದೆಂದೂ ವಾದಿಸಿದರು.

ಈ ವಾದಕ್ಕೆ ಸತ್ಯವೇದದ ಆಧಾರ ದೃಢವಾದುದು. ಹಬಕ್ಕೂಕನ ಎರಡನೆಯ ಅಧ್ಯಾಯದಲ್ಲಿ ಧಿಕ್ಕಾರಕ್ಕೆ ಗುರಿಯಾಗುವವನು ಕುಡಿದವನಲ್ಲ, ನೆರೆಯವನಿಗೆ ಕುಡಿಸಿ ಅಮಲೇರಿಸುವವನು. ವಿಮೋಚನಕಾಂಡ 21ರಲ್ಲಿ, ಹಾಯುವ ಎತ್ತಿನ ಒಡೆಯನಿಗೆ ಮುಂಚೆಯೇ ಎಚ್ಚರಿಕೆ ದೊರೆತಿದ್ದರೆ ಎತ್ತು ಮಾಡಿದ ಕೊಲೆಗೆ ಅವನೇ ಉತ್ತರವಾದಿ. ಎಸ್ತೇರಳ ಪುಸ್ತಕದ ಮೊದಲ ಅಧ್ಯಾಯವಂತೂ ಅನ್ಯರಾಜನ ಔತಣದಲ್ಲಿ ಯಾರನ್ನೂ ಕುಡಿಯಲು ಒತ್ತಾಯಿಸಬಾರದೆಂಬ ಅಪ್ಪಣೆ ಇದ್ದುದನ್ನು ದಾಖಲಿಸುತ್ತದೆ. ನಮ್ಮ ಕೆಲವು ಮದುವೆಯ ಮನೆಗಳಲ್ಲಿ ಅಹಷ್ವೇರೋಷನ ಈ ಒಂದು ಅಪ್ಪಣೆಯಾದರೂ ನಡೆಯುತ್ತದೆಯೇ ಎಂದು ಕೇಳಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ದಿಕ್ಕು ಬದಲಾಯಿತು. 1832ರಲ್ಲಿ ಪ್ರೆಸ್ಟನ್ ನಗರದಲ್ಲಿ ಜೋಸೆಫ್ ಲಿವ್ಸಿ ಮತ್ತು ಅವರ ಸಂಗಡಿಗರು ಸಂಪೂರ್ಣ ಪಾನವರ್ಜನೆಯ ಪ್ರತಿಜ್ಞೆಗೆ ಸಹಿ ಹಾಕಿದರು. ಸಹಿ ಹಾಕುವವನು ಕುಡಿಯುವವನು. ಪ್ರತಿಜ್ಞೆಯ ಹಾಳೆಯಲ್ಲಿ ಮಾರುವವನಿಗೆ ಸಾಲು ಇರಲಿಲ್ಲ. ಅನೇಕ ಕುಟುಂಬಗಳನ್ನು ಆ ಚಳವಳಿ ಉಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಪಾನವು ವ್ಯಕ್ತಿಯ ಇಚ್ಛಾಶಕ್ತಿಯ ವಿಷಯವೆಂಬ ಭಾವನೆ ಬೇರೂರಿದ್ದು ಆಗಲೇ. ಇಚ್ಛೆಯೇ ಮದ್ಯದ ಮೊದಲ ಬಲಿಯೆಂಬುದು ಮರೆತುಹೋಯಿತು. ವಾದವು ಪ್ರಭುಭೋಜನದ ಪಾತ್ರೆಯೊಳಗಿನ ರಸ ಹುಳಿತದ್ದೋ ಅಲ್ಲವೋ ಎಂಬ ಕಡೆಗೂ ಹರಿಯಿತು. 1841ರಲ್ಲಿ ವೆಸ್ಲಿಯನ್ ಸಮ್ಮೇಳನವು ಹುಳಿಯದ ರಸವನ್ನು ಬಳಸಬಾರದೆಂದೇ ತೀರ್ಮಾನಿಸಿತು. ಕನ್ನಡದಲ್ಲಿ ದ್ರಾಕ್ಷಾರಸವೆಂಬ ಒಂದೇ ಪದ ಎರಡಕ್ಕೂ ಹೊಂದುವುದರಿಂದ ನಮಗೆ ಆ ಜಗಳದ ಕಾವು ಅಷ್ಟಾಗಿ ತಟ್ಟಲಿಲ್ಲ.

ನಮಗೆ ತಟ್ಟಿದ್ದು ಇನ್ನೊಂದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರು ಬಹಳ ಮಂದಿ. ತಾಳೆ, ತೆಂಗುಗಳಿಂದ ಕಳ್ಳು ಇಳಿಸುವುದು ಅವರ ಪಾರಂಪರಿಕ ಕಸುಬುಗಳಲ್ಲಿ ಒಂದು. ಮಿಷನರಿಗಳ ಕಣ್ಣಿಗೆ ಅದು ವಿಶ್ವಾಸಿಗೆ ಸಲ್ಲದ ಕಸುಬು. ಕಳ್ಳು ಭಟ್ಟಿಯ ಮದ್ಯವಲ್ಲ, ಅದರ ಬಲ ಬಿಯರಿಗೆ ಹತ್ತಿರವಾದುದು. ವೆಸ್ಲಿಯವರ ನಿಯಮದ ಅಕ್ಷರಕ್ಕೆ ಅದು ಸಿಕ್ಕುತ್ತಿರಲಿಲ್ಲ. ಒಂದು ಮಾತನ್ನು ಮಾತ್ರ ಮಿಷನ್ನಿನ ಪರವಾಗಿ ಹೇಳಲೇಬೇಕು: ಕಸುಬನ್ನು ಬಿಡಿಸಿದವರು ಅನ್ನದ ದಾರಿಯನ್ನೂ ಹುಡುಕಿದರು. 1851ರಲ್ಲಿ ನೇಯ್ಗೆಯ ಕಾರ್ಖಾನೆ ನಡೆಯತೊಡಗಿತು. 1865ರಲ್ಲಿ ಪ್ಲೆಬ್ಸ್ಟ್ ಅವರು ಹೆಂಚಿನ ಕಾರ್ಖಾನೆಯನ್ನು ತೆರೆದರು. ಮರ ಹತ್ತುತ್ತಿದ್ದ ಕುಟುಂಬಗಳ ಕೈಗೆ ನೇತ್ರಾವತಿಯ ಜೇಡಿಮಣ್ಣು ಬಂತು. ಅದೇ ಕಾಲದಲ್ಲಿ ಅದೇ ಜಿಲ್ಲೆಯಲ್ಲಿ ಸರಕಾರವು ಅಬಕಾರಿಯ ಹಕ್ಕನ್ನು ಗುತ್ತಿಗೆಗೆ ಕೊಟ್ಟು ಆದಾಯವನ್ನು ಎಣಿಸಿಕೊಳ್ಳುತ್ತಿತ್ತು; 1886ರ ಮದ್ರಾಸ್ ಅಬಕಾರಿ ಕಾಯಿದೆಯು ಆ ವ್ಯವಸ್ಥೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಮರದಿಂದ ಇಳಿದು ಬಂದ ಬಿಲ್ಲವನು ಸಭೆಯ ಮುಂದೆ ತನ್ನ ಕಸುಬಿಗೆ ಉತ್ತರ ಕೊಡಬೇಕಾಯಿತು. ಗುತ್ತಿಗೆ ಕೊಟ್ಟ ಸರಕಾರದ ಅಧಿಕಾರಿಯು ಭಾನುವಾರ ತನ್ನ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಪ್ರಭುಭೋಜನವನ್ನು ತೆಗೆದುಕೊಳ್ಳಲು ಅಡ್ಡಿಯಿರಲಿಲ್ಲ.